ಹಿಂದಿನ ಗಾಜು ಮತ್ತು ಭದ್ರಾವತಿಯ ಕೈಗುಣ

ಹಳೆಯ ಎಸ್‌ಯುವಿಗಳಲ್ಲಿ ಕೆಲವಕ್ಕೆ ಒಂದು ಸೌಕರ್ಯ ಇರುತ್ತದೆ. ಹಿಂಬಾಗಿಲನ್ನು ಪೂರ್ತಿ ತೆರೆಯದೆ, ಅದರ ಮೇಲರ್ಧದ ಗಾಜನ್ನಷ್ಟೇ ಎತ್ತಬಹುದು. ಡ್ರೈವರ್ ಪಕ್ಕದ ಬಟನ್ ಒತ್ತಿದರೆ ಹಿಂದೆಲ್ಲೋ ‘ಟಕ್’ ಅನ್ನುತ್ತೆ, ಗಾಜು ಒಂದಿಂಚು ಮೇಲೇಳುತ್ತೆ, ಆಮೇಲೆ ಕೈಕೊಟ್ಟರೆ ಗ್ಯಾಸ್ ತುಂಬಿದ ಎರಡು ಕಡ್ಡಿಗಳು ಅದನ್ನು ತಾವೇ ಎತ್ತಿ ಹಿಡಿಯುತ್ತವೆ. ಸ್ಟೆಪ್ನಿಯನ್ನು ಬೆನ್ನಿಗೆ ನೇತುಹಾಕಿಕೊಂಡ ಗಾಡಿಗಳಲ್ಲಿ ಹಿಂಬಾಗಿಲು ಭಾರ, ಅದು ಪಕ್ಕಕ್ಕೆ ತೆರೆಯಬೇಕಾದರೆ ಹಿಂದೆ ಜಾಗ ಬೇಕು. ಶಿವಮೊಗ್ಗದ ಗಾಂಧಿ ಬಜಾರಿನ ಇಕ್ಕಟ್ಟಿನಲ್ಲಿ, ಮಲೆನಾಡಿನ ಜುಲೈ ಮಳೆಯಲ್ಲಿ, ಆ ಗಾಜೊಂದನ್ನು ಎತ್ತಿ ಚೀಲ ಒಳಗೆ ಬಿಡುವುದು ಎಷ್ಟು ಸುಖ ಅನ್ನೋದು ಬಳಸಿದವರಿಗೇ ಗೊತ್ತು.

ಗಾಡಿಗೆ ವಯಸ್ಸಾದ ಮೇಲೆ ಒಂದು ದಿನ ಆ ‘ಟಕ್’ ನಿಲ್ಲುತ್ತೆ. ಬಟನ್ ಒತ್ತಿದರೆ ಮೌನ. ನಮ್ಮ ಮನೆಯ ಗಾಡಿಗೂ ಹಾಗೇ ಆಯಿತು. ಕಂಪನಿಯ ಹೆಸರು ಇಲ್ಲಿ ಬೇಡ, ಆ ವಯಸ್ಸಿನ ಯಾವ ಗಾಡಿಗೂ ಆಗುವಂಥದ್ದೇ ಅದು. ಬೆಂಗಳೂರಿನ ಒಂದು ಸರ್ವಿಸ್ ಸೆಂಟರ್‌ನಲ್ಲಿ ಕಂಪ್ಯೂಟರ್ ನೋಡಿ ಹೇಳಿದರು: ಇಡೀ ಲಾಕ್ ಅಸೆಂಬ್ಲಿ ಬದಲಾಯಿಸಬೇಕು, ಆ ಪಾರ್ಟ್ ಈಗ ಬರ್ತಾ ಇಲ್ಲ, ಗಾಡಿ ಕೊಟ್ಟು ಹೊಸದು ತಗೊಳ್ಳೋದೇ ಒಳ್ಳೇದು. ಅದೇ ಗಾಡಿಯನ್ನು ಭದ್ರಾವತಿಯ ಬಿ.ಎಚ್. ರಸ್ತೆಯ ಒಂದು ಶೆಡ್ಡಿನಲ್ಲಿ ಅರವತ್ತು ದಾಟಿದ ಮೆಕ್ಯಾನಿಕ್ ಒಬ್ಬರು ಒಂದೂವರೆ ಗಂಟೆಯಲ್ಲಿ ಸರಿಮಾಡಿದರು. ಹೊಸ ಪಾರ್ಟ್ ಒಂದೂ ಹಾಕಲಿಲ್ಲ.

ಇದರಲ್ಲಿ ಪವಾಡ ಏನೂ ಇಲ್ಲ. ಆದರೆ ನನಗೆ ಒಂದು ಪ್ರಶ್ನೆ ಉಳಿಯಿತು. ಇದು ಭದ್ರಾವತಿಯಲ್ಲಿ ಹೇಗೆ ಸಾಧ್ಯ? ಉತ್ತರ ಹುಡುಕುತ್ತಾ ಹೋದರೆ ನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ. ಅದಕ್ಕೂ ಮೊದಲು ಅವರು ಮಾಡಿದ ಕೆಲಸ ಏನು ಅಂತ ನೋಡಿಬಿಡೋಣ, ನಿಮ್ಮ ಗಾಡಿಗೂ ಬೇಕಾದೀತು.

ಅವರು ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ, ಕಿವಿ ಕೊಟ್ಟರು. ನನ್ನನ್ನು ಒಳಗೆ ಕೂರಿಸಿ ಬಟನ್ ಒತ್ತಲು ಹೇಳಿ, ತಾವು ಹಿಂಬಾಗಿಲಿಗೆ ಕಿವಿ ಹಚ್ಚಿ ನಿಂತರು. ಇಡೀ ಪತ್ತೆದಾರಿಯ ಮೊದಲ ಕವಲು ಇಲ್ಲೇ ಇದೆ. ಬಟನ್ ಒತ್ತಿದಾಗ ಸದ್ದು ಬಂದು ಗಾಜು ಏಳದಿದ್ದರೆ ತೊಂದರೆ ಯಾಂತ್ರಿಕ: ಒಣಗಿದ ಗ್ರೀಸು, ಕೆಮ್ಮಣ್ಣಿನ ಧೂಳು, ಗಾಜಿನ ಅಂಚಿಗೆ ಅಂಟಿಕೊಂಡ ರಬ್ಬರು. ಆಗ ಒಬ್ಬರು ಗಾಜನ್ನು ಹೊರಗಿನಿಂದ ಮೆತ್ತಗೆ ಒಳಕ್ಕೆ ಒತ್ತಿ ಹಿಡಿದು, ಇನ್ನೊಬ್ಬರು ಬಟನ್ ಒತ್ತಿದರೆ ಕೊಂಡಿಯ ಮೇಲಿನ ಬಿಗಿ ಸಡಿಲವಾಗಿ ಎಷ್ಟೋ ಸಲ ಅಷ್ಟಕ್ಕೇ ತೆರೆದುಕೊಳ್ಳುತ್ತೆ. ಸದ್ದೇ ಬರದಿದ್ದರೆ ತೊಂದರೆ ವಿದ್ಯುತ್ತಿನದು: ಫ್ಯೂಸು, ಸ್ವಿಚ್ಚು, ವೈರು, ಕೊನೆಗೆ ಸೊಲೆನಾಯ್ಡ್. ಈ ಕ್ರಮದಲ್ಲೇ ನೋಡಬೇಕು, ಯಾಕೆಂದರೆ ಇದು ಅಗ್ಗದಿಂದ ದುಬಾರಿಗೆ ಹೋಗುವ ಕ್ರಮ.

ನಮ್ಮದು ಎರಡನೆಯ ಜಾತಿ. ಫ್ಯೂಸ್ ಸರಿಯಿತ್ತು. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು: “ಹಿಂದಿನ ವೈಪರ್ ಓಡುತ್ತಾ? ಗಾಜಿನ ಮಂಜು ಕರಗಿಸೋ ಗೆರೆ ಬಿಸಿ ಆಗುತ್ತಾ?” ವೈಪರ್ ಕೆಲವು ತಿಂಗಳಿಂದ ಒಮ್ಮೊಮ್ಮೆ ನಿಲ್ಲುತ್ತಿತ್ತು. ಹಿಂಬಾಗಿಲಿನ ಎರಡು ಕೆಲಸ ಒಟ್ಟಿಗೆ ಕೆಟ್ಟಿದ್ದರೆ ಎರಡು ಯಂತ್ರ ಒಟ್ಟಿಗೆ ಸತ್ತಿರುವ ಸಾಧ್ಯತೆ ಕಡಿಮೆ, ಎರಡಕ್ಕೂ ಸಾಮಾನ್ಯವಾದ ದಾರಿ ಮುರಿದಿರುವ ಸಾಧ್ಯತೆ ಹೆಚ್ಚು. ನಾವು ಸಾಫ್ಟ್‌ವೇರಿನಲ್ಲಿ ದಿನವೂ ಮಾಡುವ ಡಿಬಗ್ಗಿಂಗ್ ಇದೇ ತಾನೇ?

ಆ ಸಾಮಾನ್ಯ ದಾರಿ ಗಾಡಿಯ ಮೈಯಿಂದ ಹಿಂಬಾಗಿಲಿಗೆ ಹೋಗುವ, ಬೆರಳು ದಪ್ಪದ ರಬ್ಬರ್ ಕೊಳವೆ. ಅದರೊಳಗೆ ಎಲ್ಲ ವೈರುಗಳೂ ಇರುತ್ತವೆ. ಅವರು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟು ಆ ರಬ್ಬರನ್ನು ಹಿಂದಕ್ಕೆ ಎಳೆದರು. ನೋಡಲಿಕ್ಕೆ ಎಲ್ಲ ವೈರೂ ಸರಿಯಾಗೇ ಇದ್ದವು. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಒಂದು ವೈರು ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗಿತು. ಮೇಲಿನ ಹೊದಿಕೆ ಇದೆ, ಒಳಗಿನ ತಾಮ್ರ ತುಂಡಾಗಿದೆ. ಪಕ್ಕದ್ದು ಅರ್ಧ ಹರಿದಿತ್ತು, ಅದೇ ವೈಪರಿನದು.

ಆಮೇಲಿನದು ತಾಳ್ಮೆಯ ಕೆಲಸ. ಮುರಿದ ಜಾಗವನ್ನು ಕತ್ತರಿಸಿ, ಸಣ್ಣ ಎಳೆಗಳು ಹೆಚ್ಚಿರುವ ಮೆತ್ತನೆಯ ವೈರಿನ ತುಂಡು ಸೇರಿಸಿದರು. ಎರಡು ವೈರಿನ ಬೆಸುಗೆ ಒಂದೇ ಜಾಗಕ್ಕೆ ಬಾರದ ಹಾಗೆ ಹಿಂದೆ ಮುಂದೆ ಮಾಡಿದರು, ಬೆಸುಗೆಗಳನ್ನು ಬಾಗುವ ಜಾಗದಿಂದ ದೂರ ಇಟ್ಟರು. ಯಾಕೆಂದರೆ ಬೆಸುಗೆ ಹಾಕಿದ ತಾಮ್ರ ಗಟ್ಟಿಯಾಗುತ್ತೆ, ಮಡಚುವ ಜಾಗದಲ್ಲಿದ್ದರೆ ಅದರ ಪಕ್ಕವೇ ಮತ್ತೆ ಮುರಿಯುತ್ತೆ. ಬಿಸಿಗೆ ಕುಗ್ಗುವ ತೋಳು ಹೊದಿಸಿ, ಬಾಗಿಲು ಪೂರ್ತಿ ತೆರೆದಾಗಲೂ ಬಿಗಿಯಾಗದಷ್ಟು ಉದ್ದ ಬಿಟ್ಟು ರಬ್ಬರ್ ಕೂರಿಸಿದರು. ಒಳಗಿನ ಪ್ಲಾಸ್ಟಿಕ್ ಹಲಗೆ ತೆಗೆದಿದ್ದರಿಂದ ಲಾಚನ್ನೂ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಹೊಸ ಗ್ರೀಸ್ ಸವರಿದರು. ಬ್ಯಾಟರಿ ಹಾಕಿ ಬಟನ್ ಒತ್ತಿದರೆ ‘ಟಕ್’.

ತಾಮ್ರ ಯಾಕೆ ಮುರಿಯಿತು? ಯಾರೂ ಎಳೆದಿಲ್ಲ, ಇಲಿ ಕಡಿದಿಲ್ಲ. ದಿನಕ್ಕೆ 4 ಸಲ ಹಿಂಬಾಗಿಲು ತೆರೆದರೆ 15 ವರ್ಷಕ್ಕೆ ಸುಮಾರು 22,000 ಸಲ ಆ ವೈರು ಅದೇ ಜಾಗದಲ್ಲಿ ಬಾಗಿ ನೆಟ್ಟಗಾಗುತ್ತೆ. ಒಂದೊಂದು ಬಾಗೂ ಏನೇನೂ ಅಲ್ಲ. ಎಲ್ಲ ಕೂಡಿದರೆ ಲೋಹ ಸುಸ್ತಾಗುತ್ತೆ. ಈ ಸುಸ್ತನ್ನು ಜಗತ್ತು ಅರ್ಥಮಾಡಿಕೊಂಡದ್ದು ರೈಲಿನಿಂದ. 1842ರ ಮೇ 8ರಂದು ಫ್ರಾನ್ಸಿನ ವರ್ಸೇಲ್ಸ್‌ನಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಆಕ್ಸಲ್ ಮುರಿದು, ಬೋಗಿಗಳಿಗೆ ಬೆಂಕಿ ಬಿದ್ದು 50ಕ್ಕೂ ಹೆಚ್ಚು ಜನ ಸತ್ತರು. ಚೆನ್ನಾಗಿ ಓಡುತ್ತಿದ್ದ ಕಬ್ಬಿಣ ಹೇಗೆ ಮುರಿಯಿತು ಅನ್ನೋದು ಆ ಕಾಲದ ದೊಡ್ಡ ಒಗಟು. ಮುಂದಿನ ದಶಕಗಳಲ್ಲಿ ಆಗಸ್ಟ್ ವೋಲರ್ ಎಂಬ ಜರ್ಮನ್ ರೈಲ್ವೆ ಎಂಜಿನಿಯರ್ ಆಕ್ಸಲ್‌ಗಳನ್ನು ವರ್ಷಗಟ್ಟಲೆ ತಿರುಗಿಸಿ, ಬಾಗಿಸಿ ನೋಡಿ ಉತ್ತರ ಕೊಟ್ಟ: ಒಂದೇ ಏಟಿಗೆ ಮುರಿಯದ ಲೋಹ, ಅದಕ್ಕಿಂತ ಎಷ್ಟೋ ಸಣ್ಣ ಹೊರೆಯನ್ನು ಲಕ್ಷಾಂತರ ಸಲ ಹೊತ್ತರೆ ಮುರಿಯುತ್ತದೆ. ಉಕ್ಕಿಗೆ ಒಂದು ಗೆರೆ ಇದೆ, ಹೊರೆ ಆ ಗೆರೆಯ ಕೆಳಗಿದ್ದರೆ ಅದು ಹೆಚ್ಚುಕಡಿಮೆ ಎಷ್ಟು ಸಲವಾದರೂ ತಾಳುತ್ತೆ. ತಾಮ್ರಕ್ಕೆ ಅಂಥ ಸ್ಪಷ್ಟವಾದ ಗೆರೆ ಇಲ್ಲ, ಅದು ತಡವಾಗಿಯಾದರೂ ಸೋಲುತ್ತೆ.

ನಮ್ಮ ಮೆಕ್ಯಾನಿಕ್ ವೋಲರ್‌ನ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಬೆಸುಗೆಯನ್ನು ಬಾಗುವ ಜಾಗದಿಂದ ದೂರ ಇಟ್ಟ ಆ ಕೈಗೆ ವಿಷಯ ಗೊತ್ತಿತ್ತು. ಎಲ್ಲಿ ಕಲಿತಿರಿ ಅಂತ ಕೇಳಿದೆ. “ನಮ್ಮಪ್ಪ ಕಾರ್ಖಾನೆ ಮೆಷಿನ್ ಶಾಪಲ್ಲಿ ಫಿಟ್ಟರ್. ಮನೆಯಲ್ಲಿ ಟಾರ್ಚ್ ಕೆಟ್ಟರೂ ಬಿಚ್ಚದೆ ಎಸೆಯೋ ಹಾಗಿರಲಿಲ್ಲ” ಅಂದರು.

ಭದ್ರಾವತಿಯಲ್ಲಿ ‘ಕಾರ್ಖಾನೆ’ ಅಂದರೆ ಯಾವುದು ಅಂತ ಯಾರೂ ಕೇಳುವುದಿಲ್ಲ. ಬೆಂಕಿಪುರ ಅಂತ ಕರೆಸಿಕೊಳ್ಳುತ್ತಿದ್ದ ಈ ಊರಿಗೆ, ಹೊಯ್ಸಳರ ಲಕ್ಷ್ಮೀನರಸಿಂಹ ದೇವಸ್ಥಾನವೂ ಭದ್ರಾ ನದಿಯೂ ಗುರುತಾಗಿದ್ದ ಊರಿಗೆ, 1899ರಲ್ಲಿ ಬೀರೂರು–ಶಿವಮೊಗ್ಗ ರೈಲು ಬಂತು. ಆಮೇಲೆ ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟಲು ಹೊರಟಿತು. ಯೋಜನೆ ಗಟ್ಟಿಯಾದದ್ದು 1918ರಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ವರ್ಷದಲ್ಲಿ. ಕುಲುಮೆ ಕಬ್ಬಿಣ ಸುರಿಸಿದ್ದು 1923ರಲ್ಲಿ.

ಈ ಕಾರ್ಖಾನೆಯ ಹುಟ್ಟಿನಲ್ಲೇ ಒಂದು ಕೊರತೆ ಇತ್ತು, ಕಲ್ಲಿದ್ದಲು. ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಅದಿರಿತ್ತು, ಹತ್ತಿರದಲ್ಲೇ ಸುಣ್ಣಕಲ್ಲಿತ್ತು, ಭದ್ರೆಯ ನೀರಿತ್ತು. ಕಲ್ಲಿದ್ದಲು ಮಾತ್ರ ದೇಶದ ಆ ತುದಿಯಲ್ಲಿ, ಬಂಗಾಳ ಬಿಹಾರದ ಕಡೆ. ಹಾಗಾಗಿ ಮಲೆನಾಡಿನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ, ಆ ಇದ್ದಿಲಿನಲ್ಲಿ ಕಬ್ಬಿಣ ಕರಗಿಸುವ ದಾರಿ ಹಿಡಿದರು. ಸುಮ್ಮನೆ ಸೌದೆ ಸುಟ್ಟರೆ ಖರ್ಚು ಗಿಟ್ಟಲ್ಲ ಅಂತ, ಸುಡುವಾಗ ಬರುವ ಹೊಗೆಯನ್ನು ಹಿಡಿದು ಅದರಿಂದ ಡಾಂಬರು, ಮರದ ಮದ್ಯಸಾರ, ಅಸಿಟಿಕ್ ಆಮ್ಲದ ಲವಣ ತೆಗೆಯುವ ಘಟಕ ಕಟ್ಟಿದರು. ಕಾರ್ಖಾನೆಯ ಶುರುವಿನ ಹೆಸರಿನಲ್ಲೇ ‘ವುಡ್ ಡಿಸ್ಟಿಲೇಷನ್’ ಇತ್ತು. ನಕ್ಷೆ, ಸಲಹೆ ಎಲ್ಲ ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಸಂಸ್ಥೆಯದು, ಜೆಮ್ಶೆಡ್‌ಪುರದ ಟಾಟಾ ಕಾರ್ಖಾನೆಗೆ ಎಂಜಿನಿಯರಿಂಗ್ ಮಾಡಿದವರೇ. ಇದಕ್ಕಾಗಿ ಎಷ್ಟು ಕಾಡು ಹೋಯಿತು ಅನ್ನೋದು ಬೇರೆಯೇ ಒಂದು ನೋವಿನ ಕತೆ, ಮಲೆನಾಡಿನವನಾಗಿ ಅದನ್ನು ಮರೆಯಲಾರೆ.

ಕುಲುಮೆ ಉರಿಯುವ ಹೊತ್ತಿಗೆ ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ಬಿಳಿ ಆನೆ ಅಂತ ಜನ ಆಡಿಕೊಂಡರು. 1923ರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ವಿಶ್ವೇಶ್ವರಯ್ಯ ಬಂದರು. ಅರವತ್ತು ದಾಟಿದ್ದ ಮಾಜಿ ದಿವಾನರು. 1929ರವರೆಗೆ ಇದ್ದು, ಖರ್ಚು ಕಡಿತ ಮಾಡಿದರು, ದುಬಾರಿ ಸಂಬಳದ ವಿದೇಶಿ ಪರಿಣತರ ಜಾಗಕ್ಕೆ ಇಲ್ಲಿಯವರನ್ನು ತಯಾರು ಮಾಡಿದರು.

‘ಇಲ್ಲಿಯವರನ್ನು ತಯಾರು ಮಾಡಿದರು’ ಅನ್ನೋ ಮಾತನ್ನು ನಾವು ಪಠ್ಯಪುಸ್ತಕದಲ್ಲಿ ಓದಿ ದಾಟಿಬಿಡುತ್ತೇವೆ. ಅದರ ಅರ್ಥ ಏನು ಅಂತ ಸ್ವಲ್ಪ ಯೋಚಿಸಿ. 1920ರ ದಶಕ. ಒಂದು ಊದುಕೊಳವೆಯ ಯಂತ್ರದ ಹಲ್ಲು ಮುರಿಯುತ್ತೆ. ಪಾರ್ಟ್ ಬರಬೇಕಾದ್ದು ಸಮುದ್ರದಾಚೆಯಿಂದ, ಹಡಗಿನಲ್ಲಿ, ತಿಂಗಳುಗಟ್ಟಲೆ. ಕುಲುಮೆ ಅಷ್ಟು ದಿನ ಕಾಯುವುದಿಲ್ಲ. ಆರಿದರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟಿ ಕುಲುಮೆಯೇ ಹಾಳು. ಹಾಗಾಗಿ ಮುರಿದದ್ದನ್ನು ನೋಡಿ ಮರದಲ್ಲಿ ಅಚ್ಚು ಕೆತ್ತುವವನು ಬೇಕು, ಆ ಅಚ್ಚಿನಲ್ಲಿ ಕಬ್ಬಿಣ ಎರೆಯುವವನು ಬೇಕು, ಎರೆದದ್ದನ್ನು ಲೇತಿನಲ್ಲಿ ಕಡೆಯುವವನು ಬೇಕು, ಕೂದಲಷ್ಟು ವ್ಯತ್ಯಾಸ ಬಾರದ ಹಾಗೆ ಕೂರಿಸುವ ಫಿಟ್ಟರ್ ಬೇಕು. ಕುಲುಮೆಯ ಪಕ್ಕ ಫೌಂಡ್ರಿ, ಮೆಷಿನ್ ಶಾಪು ಇದ್ದದ್ದು ಇದಕ್ಕೇ. ರಿಪೇರಿ ಅಲ್ಲಿ ಹವ್ಯಾಸವೂ ಅಲ್ಲ, ಉಳಿತಾಯವೂ ಅಲ್ಲ, ಅದು ಉಸಿರಾಟ.

ಮುಂದೆ 1936ರಲ್ಲಿ ಉಕ್ಕಿನ ಘಟಕ ಬಂತು, ಮೈಸೂರು ಪೇಪರ್ ಮಿಲ್ಸ್ ಹುಟ್ಟಿದ್ದೂ ಅದೇ ವರ್ಷ. ಆಮೇಲೆ ಸಿಮೆಂಟ್ ಬಂತು. ಎರಡನೇ ಮಹಾಯುದ್ಧದಲ್ಲಿ ಆಮದು ಬಿಗಿಯಾದಾಗ ಈ ಕೈಗಳ ಬೆಲೆ ಎಲ್ಲರಿಗೂ ಗೊತ್ತಾಯಿತು. 1948ರಲ್ಲಿ ಜೋಗದ ವಿದ್ಯುತ್ ಶುರುವಾಗಿ, 1952ರಲ್ಲಿ ವಿದ್ಯುತ್ ಕುಲುಮೆಗಳು ಬಂದ ಮೇಲೆ ಕಾಡಿನ ಸೌದೆಯ ಮೇಲಿನ ಭಾರ ಇಳಿಯುತ್ತಾ ಹೋಯಿತು. 1960ರ ದಶಕದಿಂದ ಮಿಶ್ರಲೋಹದ ವಿಶೇಷ ಉಕ್ಕು ಇಲ್ಲಿಯ ಗುರುತಾಯಿತು: ವಾಹನಗಳ ಬಿಡಿಭಾಗಕ್ಕೆ, ರಕ್ಷಣಾ ಇಲಾಖೆಗೆ, ರೈಲ್ವೆಗೆ. ರೈಲಿನ ಆಕ್ಸಲ್‌ಗಳೂ ಇಲ್ಲಿ ತಯಾರಾದವು. ವೋಲರ್ ಯಾವ ಆಕ್ಸಲ್ ಮುರಿದು ಪಾಠ ಕಲಿತನೋ, ಅದೇ ಪಾಠವನ್ನು ಭದ್ರಾವತಿಯ ಕಮ್ಮಟದವರು ಕಾದ ಉಕ್ಕನ್ನು ಬಡಿದು ಬಡಿದು ಕಲಿತರು.

ಇನ್ನು ಕಾರಿನ ವಿಷಯಕ್ಕೆ ಬರೋಣ. ಭದ್ರಾವತಿಗೂ ಕಾರಿಗೂ ಸಂಬಂಧ ನಾವು ಅಂದುಕೊಂಡದ್ದಕ್ಕಿಂತ ಹಳೆಯದು, ಅದು ಆಗಬೇಕಾಗಿದ್ದು ಆಗದೇ ಹೋದ ಸಂಬಂಧ. ಭದ್ರಾವತಿ ಬಿಟ್ಟ ಮೇಲೆ ವಿಶ್ವೇಶ್ವರಯ್ಯನವರ ತಲೆಯಲ್ಲಿ ಕೂತದ್ದು ಮೋಟಾರು ಕಾರು. ಕಾರು ತಯಾರಿಸುವ ದೇಶದಲ್ಲಿ ಉಕ್ಕು, ರಬ್ಬರು, ಗಾಜು, ಬಣ್ಣ, ವಿದ್ಯುತ್ ಸಾಮಾನು ಎಲ್ಲ ಉದ್ಯಮಗಳೂ ಬೆಳೆಯುತ್ತವೆ ಅನ್ನೋದು ಅವರ ಲೆಕ್ಕ. 1935ರಲ್ಲಿ, 70 ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕ ಸುತ್ತಿ ಕಾರಿನ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಮೊದಲು ಮುಂಬೈಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಕಾರ್ಖಾನೆ ಮಾಡುವ ಮಾತಾಯಿತು. ಅಷ್ಟರಲ್ಲಿ ಯುದ್ಧ. ಭಾರತದ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ, ಬೆಂಗಳೂರಿನ ಕಾರು ಕಾಗದದಲ್ಲೇ ಉಳಿಯಿತು. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು, ಇವತ್ತಿನ ಎಚ್‌ಎಎಲ್. ಕಾರಿಗಾಗಿ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಕಾರಿನ ಕನಸಿನ ಊರಿಗೆ ವಿಮಾನ ಬಂತು, ಕಾರು ಬೇರೆ ಕಡೆ ಹೋಯಿತು.

ಅದೇ ಕಾಲದ ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ ಅನ್ನಿಸುತ್ತೆ. ಭದ್ರಾವತಿಯಲ್ಲಿ ದುಡಿದದ್ದಕ್ಕೆ ಮೈಸೂರು ಸರ್ಕಾರ ಕೊಡಲು ಬಂದ ಸಂಭಾವನೆಯನ್ನು ವಿಶ್ವೇಶ್ವರಯ್ಯ ತಾವು ಇಟ್ಟುಕೊಳ್ಳಲಿಲ್ಲ. ಹುಡುಗರಿಗೆ ಕೈಕಸುಬು ಕಲಿಸುವ ಒಂದು ಸಂಸ್ಥೆಗೆ ಬಳಸಿ ಅಂದರು. ಸಂಸ್ಥೆಗೆ ಅವರ ಹೆಸರಿಡಲು ಹೊರಟಾಗ ಅದೂ ಬೇಡ, ಯುವರಾಜರ ಹೆಸರಿಡಿ ಅಂದರು. ಹಾಗೆ ಹುಟ್ಟಿದ್ದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ಇವತ್ತು ಬೆಂಗಳೂರಿನ ಕೆ.ಆರ್. ಸರ್ಕಲ್ ಹತ್ತಿರ ನಾವು ಎಸ್‌ಜೆಪಿ ಅಂತ ಕರೆಯುವ ಪಾಲಿಟೆಕ್ನಿಕ್ಕೇ ಅದು. ಆ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತು ಬೇಸರಪಟ್ಟ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ಪಕ್ಕದ ಆ ಕಾಲೇಜಿನ ಬೇರು ಭದ್ರಾವತಿಯ ಕುಲುಮೆಯಲ್ಲಿದೆ ಅಂತ? ಕಾರು ಮಾಡುವ ಕನಸು ಕೈತಪ್ಪಿತು, ಕಾರು ರಿಪೇರಿ ಮಾಡಬಲ್ಲ ಕೈಗಳನ್ನು ತಯಾರಿಸುವ ಕೆಲಸ ಆಯಿತು.

ಆ ಕೈಗಳಿಗೆ ಕೆಲಸವೂ ಸಿಕ್ಕಿತು. ಯುದ್ಧ ಮುಗಿದ ಮೇಲೆ ವಿಲ್ಲೀಸ್ ಜೀಪು ಬಂತು, ಮುಂಬೈಯ ಮಹೀಂದ್ರಾ ಅದನ್ನು ಇಲ್ಲೇ ಜೋಡಿಸತೊಡಗಿತು. ಮಲೆನಾಡಿನ ತೋಟ, ಘಾಟಿ, ಕೆಸರಿಗೆ ಜೀಪಿಗಿಂತ ಸರಿಯಾದ ಗಾಡಿ ಇರಲಿಲ್ಲ. ಜೀಪಿನ ಹಿಂದಿನ ಗಾಜು ಯಾವತ್ತೂ ಕೆಡುತ್ತಿರಲಿಲ್ಲ, ಯಾಕೆಂದರೆ ಅದು ಗಾಜೇ ಅಲ್ಲ. ಕ್ಯಾನ್ವಾಸ್ ಪರದೆಗೆ ಹೊಲಿದ ಪ್ಲಾಸ್ಟಿಕ್ ಹಾಳೆ, ಎರಡು ಬೆಲ್ಟು, ಎರಡು ಬಕಲ್. ಬಿಚ್ಚಿ ಸುತ್ತಿ ಮೇಲೆ ಕಟ್ಟಿದರೆ ಮುಗಿಯಿತು. ಕಿತ್ತುಹೋದರೆ ಚಪ್ಪಲಿ ಹೊಲಿಯುವವರೇ ಹಾಕಿಕೊಡುತ್ತಿದ್ದರು. ಆಚೆ ಅಂಬಾಸಿಡರು, ಫಿಯೆಟ್ಟು ದಶಕಗಟ್ಟಲೆ ಹೆಚ್ಚು ಬದಲಾಗದೆ ಬಂದವು. ಒಂದೇ ಗಾಡಿ ಇಪ್ಪತ್ತು ಮೂವತ್ತು ವರ್ಷ ಬರುತ್ತಿದ್ದರೆ ಮೆಕ್ಯಾನಿಕ್ಕಿಗೆ ಅದು ಮಗ್ಗಿಯಂತೆ ಬಾಯಿಪಾಠವಾಗುತ್ತೆ. ಶಿವಮೊಗ್ಗ ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ ಇವತ್ತು ಫೌಂಡ್ರಿಗಳು ಸಾಲಾಗಿ ಇವೆ, ವಾಹನ ಕಂಪನಿಗಳಿಗೆ ಎರಕದ ಬಿಡಿಭಾಗ ಕಳಿಸುತ್ತವೆ. ಎರಕದ ಕಸುಬು ಈ ಸೀಮೆಗೆ ಹೇಗೆ ಬಂತು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

1991ರಲ್ಲಿ ಟಾಟಾ ಸಿಯೆರಾ, 1994ರಲ್ಲಿ ಸುಮೋ, 1998ರಲ್ಲಿ ಸಫಾರಿ, 2002ರಲ್ಲಿ ಸ್ಕಾರ್ಪಿಯೊ ಬಂದವು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ವಿದೇಶಿ ಎಸ್‌ಯುವಿಗಳೂ ಬಂದವು, ಎತ್ತುವ ಹಿಂಗಾಜು ಕೆಲವರ ಮನೆಗೆ ಬಂದದ್ದು ಅವುಗಳ ಜೊತೆ. ಆ ಯೋಚನೆಯ ಮೂಲ ಅಮೆರಿಕದ ಸ್ಟೇಷನ್ ವ್ಯಾಗನ್ನುಗಳಲ್ಲಿದೆ. ಅಲ್ಲಿ ಕೆಲವು ಗಾಡಿಗಳ ಹಿಂದಿನ ಗಾಜು ಮೇಲೆ ಎತ್ತುವಂಥದ್ದು, ಕೆಲವದರದು ಬಾಗಿಲ ಹೊಟ್ಟೆಯೊಳಗೆ ಇಳಿಯುವಂಥದ್ದು. ಬಕಲ್ ಇದ್ದ ಜಾಗದಲ್ಲಿ ಈಗ ಸ್ವಿಚ್ಚು, ರಿಲೇ, ಸೊಲೆನಾಯ್ಡ್, ಕೆಲವು ಗಾಡಿಗಳಲ್ಲಿ ವೈಪರ್ ಓಡುತ್ತಿರುವಾಗ ಗಾಜು ತೆರೆಯದಂತೆ ತಡೆಯುವ ಒಂದು ಷರತ್ತು. ಸುಖ ಹೆಚ್ಚಾಯಿತು, ಕೆಡುವ ಜಾಗಗಳೂ ಹೆಚ್ಚಾದವು. ತಪ್ಪು ಅಲ್ಲಿಲ್ಲ. ಕೆಟ್ಟದ್ದನ್ನು ಬಿಚ್ಚಿ ನೋಡುವ ಅಭ್ಯಾಸವನ್ನು ನಾವು ಬಿಟ್ಟದ್ದರಲ್ಲಿದೆ. ಅಸೆಂಬ್ಲಿ ಅನ್ನೋ ಪದವೇ ನೋಡಿ. ಹತ್ತಾರು ಭಾಗ ಕೂಡಿಸಿದ್ದು ಅಂತ ಅದರ ಅರ್ಥ. ಕೂಡಿಸಿದ್ದನ್ನು ಬಿಚ್ಚಬಹುದು. ಆದರೆ ಬಿಲ್ಲಿನಲ್ಲಿ ಅದು ಒಂದೇ ಸಾಲು, ಒಂದೇ ನಂಬರು, ಒಂದೇ ಬೆಲೆ.

ಇದು ಬರೀ ಜೇಬಿನ ವಿಷಯವಲ್ಲ ಅನ್ನೋದು ಕಾನೂನಿನಲ್ಲೂ ಕಾಣುತ್ತೆ. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. ಹಳೆಯ ಗಾಡಿ ಗುಜರಿಗೆ ಕೊಡಿ ಅನ್ನೋ ನೀತಿ 2021ರಲ್ಲೇ ಬಂದಿತ್ತು. ಹೊಗೆಯುಗುಳುವ ಗಾಡಿ ರಸ್ತೆಯಿಂದ ಹೋಗಬೇಕು ಅನ್ನೋದರಲ್ಲಿ ಎರಡು ಮಾತಿಲ್ಲ. ಇನ್ನೊಂದು ಕಡೆ ಅದೇ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಮೊಬೈಲು, ಮನೆಬಳಕೆಯ ಸಾಮಾನು, ಕೃಷಿ ಯಂತ್ರಗಳ ಜೊತೆ ವಾಹನಗಳೂ ಅದರಲ್ಲಿವೆ. ಹಕ್ಕೇನೋ ಬರಲಿ. ಆದರೆ ರಿಪೇರಿಯ ಹಕ್ಕು ಇದ್ದು ರಿಪೇರಿ ಬಲ್ಲ ಕೈ ಇಲ್ಲದಿದ್ದರೆ, ಓಟಿನ ಹಕ್ಕಿದ್ದು ಮತಗಟ್ಟೆ ಇಲ್ಲದ ಹಾಗೆ.

ಆ ಕೈಗಳನ್ನು ತಯಾರಿಸಿದ ಕಾರ್ಖಾನೆಯ ಕತೆ ಏನಾಯಿತು ಅಂತ ಪತ್ರಿಕೆ ಓದುವವರಿಗೆ ಗೊತ್ತು. ಮೈಸೂರು ಐರನ್ ಅಂಡ್ ಸ್ಟೀಲ್ ಅನ್ನೋ ಹೆಸರು 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರಿಗೆ ಬದಲಾಗಿ ವಿಐಎಸ್‌ಎಲ್ ಆಯಿತು. 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಸ್ವಂತ ಗಣಿ ಇಲ್ಲದ್ದು, ಹಳೆಯ ಯಂತ್ರ, ನಷ್ಟ ಅಂತ ಕಾರಣಗಳ ಪಟ್ಟಿ ಬೆಳೆಯಿತು. ಖಾಸಗಿಯವರಿಗೆ ಮಾರುವ ಪ್ರಯತ್ನ 2019ರಲ್ಲಿ ಶುರುವಾಗಿ, ಕೊಳ್ಳುವವರು ಬಾರದೆ 2022ರಲ್ಲಿ ನಿಂತಿತು. 2023ರ ಜನವರಿಯಲ್ಲಿ, ಅಂದರೆ ಕುಲುಮೆಗೆ ನೂರು ತುಂಬುವ ಹೊತ್ತಿಗೆ, ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಪೇಪರ್ ಮಿಲ್ಲಿನ ಯಂತ್ರಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ನಿಂತಿದ್ದವು.

ನಷ್ಟದ ಕಾರ್ಖಾನೆಯನ್ನು ಎಷ್ಟು ದಿನ ಸಾಕುವುದು ಅಂತ ಕೇಳುವ ಗೆಳೆಯರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಲಾಭನಷ್ಟದ ಪಟ್ಟಿಯಲ್ಲಿ ಬಾರದ ಒಂದು ಉತ್ಪನ್ನ ಆ ಕಾರ್ಖಾನೆಯಿಂದ ನೂರು ವರ್ಷ ಹೊರಬಂತು. ಸಂಜೆ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ನ್ಯೂಟೌನಿಗೆ, ಜನ್ನಾಪುರಕ್ಕೆ, ಹೊಸಮನೆಗೆ ಹೋದ ಸಾವಿರಾರು ಜನ ತಮ್ಮ ಕೈಗುಣವನ್ನೂ ಮನೆಗೆ ಒಯ್ದರು. ಮಕ್ಕಳಲ್ಲಿ ಕೆಲವರು ಐಟಿಐ ಓದಿ ಅದೇ ಗೇಟಿನೊಳಗೆ ಅಪ್ರೆಂಟಿಸ್ ಆದರು, ಕೆಲವರು ರಸ್ತೆ ಬದಿಯಲ್ಲಿ ಶೆಡ್ ಹಾಕಿದರು, ಇನ್ನು ಕೆಲವರು ಬಿಇ ಮಾಡಿ ನನ್ನ ಹಾಗೆ ಬೆಂಗಳೂರಿನ ಗಾಜಿನ ಕಟ್ಟಡ ಸೇರಿದರು. ಮುಚ್ಚುವಾಗ ಜಮೀನಿಗೆ ಬೆಲೆ ಕಟ್ಟುತ್ತಾರೆ, ಯಂತ್ರಕ್ಕೆ ಗುಜರಿ ಬೆಲೆ ಕಟ್ಟುತ್ತಾರೆ. ಕೈಗುಣಕ್ಕೆ ಕಟ್ಟುವವರಿಲ್ಲ, ಯಾಕೆಂದರೆ ಅದು ಯಾವ ದಾಸ್ತಾನು ಪುಸ್ತಕದಲ್ಲೂ ಇಲ್ಲ.

ಹೊಸ ಹುಡುಗರು ಕಲಿಯೋಕೆ ಬರ್ತಾರಾ ಅಂತ ಮೆಕ್ಯಾನಿಕ್ಕನ್ನು ಕೇಳಿದೆ. “ಬರ್ತಾರೆ. ಆರು ತಿಂಗಳಿಗೆ ಬದಲಾಯಿಸೋದು ಕಲೀತಾರೆ. ರಿಪೇರಿ ಕಲಿಯೋಕೆ ಆರು ವರ್ಷ ಬೇಕು, ಅಷ್ಟೊತ್ತಿಗೆ ಯಾವುದಾದರೂ ಶೋರೂಮಿನವರು ಕರ್ಕೊಂಡು ಹೋಗ್ತಾರೆ. ಅಲ್ಲಿ ಬಿಚ್ಚೋ ಹಾಗಿಲ್ಲ” ಅಂದರು. ಅದರಲ್ಲಿ ದೂರು ಇರಲಿಲ್ಲ. ವೋಲರ್ ಹೇಳಿದ ಸುಸ್ತು ಇದೇ ಇರಬೇಕು. ಕಸುಬು ಒಂದೇ ಏಟಿಗೆ ಮುರಿಯುವುದಿಲ್ಲ. ಒಬ್ಬ ಫಿಟ್ಟರ್ ನಿವೃತ್ತಿಯಾಗುತ್ತಾನೆ, ಆ ಜಾಗ ತುಂಬುವುದಿಲ್ಲ. ಒಬ್ಬ ಹುಡುಗ ಬಿಟ್ಟುಹೋಗುತ್ತಾನೆ, ಇನ್ನೊಬ್ಬ ಬರುವುದಿಲ್ಲ. ಹೊರಗಿನ ಹೊದಿಕೆ ಮಾತ್ರ ಬಹಳ ಕಾಲ ನೆಟ್ಟಗೆ ಕಾಣುತ್ತದೆ: ಟೌನ್‌ಶಿಪ್ಪಿನ ರಸ್ತೆಗಳು, ಸರ್ಕಲ್ಲಿನ ಪ್ರತಿಮೆ, ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನದ ಹಾರ. ಒಳಗೆ ತಾಮ್ರ ತುಂಡಾಗಿರುತ್ತದೆ.

ತುಂಡಾದ ವೈರಿಗೆ ಇನ್ನೊಂದು ವೈರು ಕೂಡಿಸಬಹುದು, ಎರಡೂ ತುದಿ ಸಿಗುವವರೆಗೆ. ಒಂದು ತುದಿಯಲ್ಲಿ ಇನ್ನೂ ಬದುಕಿರುವ, ಕಲಿಸಲು ತಯಾರಿರುವ ಹಿರಿಯರಿದ್ದಾರೆ. ಇನ್ನೊಂದು ತುದಿಯಲ್ಲಿ ನಾವು, ಕೆಟ್ಟದ್ದನ್ನು ಹಿಡಿದು ಅವರ ಬಾಗಿಲಿಗೆ ಹೋಗಬಲ್ಲವರು. ಮುಂದಿನ ಸಲ ಯಾರಾದರೂ ಪೂರ್ತಿ ಅಸೆಂಬ್ಲಿ ಬದಲಾಯಿಸಬೇಕು ಅಂದರೆ, ಬಿಚ್ಚಿ ತೋರಿಸಿ ಅಂತ ಕೇಳಿ. ಬಿಚ್ಚಿ ತೋರಿಸುವವರು ಸಿಕ್ಕರೆ ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ನಮ್ಮ ಮೆಕ್ಯಾನಿಕ್ ಕೇಳಿದ್ದು 700 ರೂಪಾಯಿ. ಅದರಲ್ಲಿ ವೈರಿನ ಬೆಲೆ ಬಹುಶಃ 40 ರೂಪಾಯಿ ಇದ್ದೀತು. ಉಳಿದದ್ದು ನೂರು ವರ್ಷದ ಬಾಬ್ತು.